ಬಾನುಲಿಯ ಸ್ವಾಯತ್ತತೆ: ವಾಯ್ಸ್ ಆಫ್ ಅಮೆರಿಕದ ಸನ್ನದು ಮತ್ತು ಮೇಲ್ವಿಚಾರಣೆ

ಸರ್ಕಾರದ ಹಣದಿಂದ ನಡೆಯುವ ಬಾನುಲಿಯು ಸರ್ಕಾರದ ಮುಖವಾಣಿಯಾಗದೆ ಉಳಿಯಬಲ್ಲದೆ ಎಂಬ ಪ್ರಶ್ನೆಗೆ ಅಮೆರಿಕದ ವಾಯ್ಸ್ ಆಫ್ ಅಮೆರಿಕ ಒಂದು ಮುಖ್ಯ ನಿದರ್ಶನ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ ಆರಂಭವಾದ ಈ ಸೇವೆಗೆ 1976ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಸಹಿಯೊಂದಿಗೆ ಶಾಸನಬದ್ಧ ಸನ್ನದು ದೊರೆಯಿತು.

ಸನ್ನದಿನ ಸೂತ್ರಗಳು ಮೂರು. ಸುದ್ದಿಯು ನಿಖರವೂ ವಸ್ತುನಿಷ್ಠವೂ ಸಮಗ್ರವೂ ಆಗಿರಬೇಕು; ಸೇವೆಯು ಯಾವುದೇ ಒಂದು ವರ್ಗವನ್ನಲ್ಲದೆ ಇಡೀ ಅಮೆರಿಕವನ್ನು ಪ್ರತಿನಿಧಿಸಬೇಕು; ಸರ್ಕಾರದ ನೀತಿಗಳನ್ನೂ ಅವುಗಳ ಕುರಿತ ಹೊಣೆಯರಿತ ಚರ್ಚೆಯನ್ನೂ ಮಂಡಿಸಬೇಕು. ಪಠ್ಯವಾಗಿ ಓದಿದಾಗ ಇಲ್ಲೊಂದು ಅಂಶ ಎದ್ದು ಕಾಣುತ್ತದೆ. ಈ ಸೂತ್ರಗಳ ವಾಕ್ಯಗಳಲ್ಲೆಲ್ಲ ಕರ್ತೃಸ್ಥಾನದಲ್ಲಿರುವುದು ಬಾನುಲಿ ಅಥವಾ ಅದರ ಸುದ್ದಿ. ಅಧಿಕಾರಸ್ಥರು ಏನು ಮಾಡಬಾರದು ಎಂಬುದನ್ನು ಅವು ಹೇಳುವುದಿಲ್ಲ.

ಈ ಮೌನವನ್ನು ತುಂಬುವ ಹೊಣೆ ಆಡಳಿತ ರಚನೆಯ ಮೇಲೆ ಬಿದ್ದಿತು. 1994ರ ಶಾಸನವು ಒಂಬತ್ತು ಸದಸ್ಯರ ಪ್ರಸಾರ ಮಂಡಳಿಯನ್ನು ರೂಪಿಸಿತು. ಪದನಿಮಿತ್ತ ಸದಸ್ಯರೊಬ್ಬರನ್ನು ಬಿಟ್ಟು ಉಳಿದ ಎಂಟು ಮಂದಿಯಲ್ಲಿ ಒಂದೇ ಪಕ್ಷದವರು ನಾಲ್ವರನ್ನು ಮೀರುವಂತಿರಲಿಲ್ಲ. ಸುದ್ದಿಮನೆ ಮತ್ತು ಸರ್ಕಾರದ ನಡುವಣ ಗೋಡೆಗೆ ಈ ಸಮತೋಲವೇ ಆಧಾರವಾಗಿತ್ತು. 2016ರ ಕೊನೆಯಲ್ಲಿ ಬಂದ ತಿದ್ದುಪಡಿಯು ಮಂಡಳಿಯ ಅಧಿಕಾರವನ್ನು ಅಧ್ಯಕ್ಷರಿಂದ ನೇಮಕವಾಗುವ ಒಬ್ಬ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ವಹಿಸಿತು. ಮಂಡಳಿಯ ನಿಧಾನಗತಿಯನ್ನು ನಿವಾರಿಸುವುದು ಇದರ ಉದ್ದೇಶವಾಗಿದ್ದರೂ ಸಮತೋಲ ಕುಸಿಯಿತು. 2020ರ ಅಕ್ಟೋಬರಿನಲ್ಲಿ ಅಂದಿನ ಮುಖ್ಯಾಧಿಕಾರಿ ಮೈಕೆಲ್ ಪ್ಯಾಕ್ ಅವರು ಸಂಪಾದಕೀಯ ಸ್ವಾತಂತ್ರ್ಯವನ್ನು ರಕ್ಷಿಸುವ ನಿಯಮವನ್ನೇ ರದ್ದುಪಡಿಸಿದರು.

2021ರ ಜನವರಿಯಲ್ಲಿ ಜಾರಿಗೆ ಬಂದ ಶಾಸನವು ಸೇವೆಗಳ ಮುಖ್ಯಸ್ಥರ ನೇಮಕ ಮತ್ತು ವಜಾಕ್ಕೆ ಸಲಹಾ ಮಂಡಳಿಯ ಬಹುಮತವನ್ನು ಕಡ್ಡಾಯಗೊಳಿಸಿತು. ಆದರೆ 2025ರ ಜನವರಿಯಲ್ಲಿ ಆ ಮಂಡಳಿಯ ಸದಸ್ಯರನ್ನೇ ವಜಾಗೊಳಿಸಲಾಯಿತು. ಮಾರ್ಚ್ 14ರ ಅಧ್ಯಕ್ಷೀಯ ಆದೇಶದ ಬೆನ್ನಲ್ಲೇ ಬಹುಪಾಲು ಸಿಬ್ಬಂದಿಯನ್ನು ರಜೆಯ ಮೇಲೆ ಕಳುಹಿಸಲಾಯಿತು. ಮಂಡಳಿಯ ಸಮ್ಮತಿಯಿಲ್ಲದೆ ನಿರ್ದೇಶಕರನ್ನು ತೆಗೆಯುವಂತಿಲ್ಲ ಎಂದು ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಆದರ್ಶವನ್ನು ಸಾರಿದ ಸನ್ನದಿಗಿಂತ, ಅಧಿಕಾರವನ್ನು ಮಿತಿಗೊಳಿಸಿದ ಒಂದು ವಿಧಿಯೇ ಇಲ್ಲಿ ನೆರವಿಗೆ ಬಂದುದನ್ನು ಗಮನಿಸಬೇಕು.

ಹೀಗಾಗಿ ಸ್ವಾಯತ್ತತೆಯು ಘೋಷಣೆಯಲ್ಲಿಲ್ಲ. ನೇಮಿಸುವ, ತೆಗೆಯುವ, ಹಣ ಒದಗಿಸುವ ಅಧಿಕಾರಗಳ ಹಂಚಿಕೆಯಲ್ಲಿದೆ. 1990ರಲ್ಲಿ ರೂಪುಗೊಂಡು 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಅಧಿನಿಯಮದ ಅಧ್ಯಯನಕ್ಕೂ ಈ ಓದಿನ ಕ್ರಮ ಉಪಯುಕ್ತವಾದುದು.