ಮದ್ದು ಬಿಡುವ ಮೊದಲು ಪಂಪಿನ ಕೀಲು ನೋಡಿ

ಪತ್ತನಾಜೆ ಹತ್ತಿರ ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದವರ ತಲೆಯಲ್ಲಿ ಮೈಲುತುತ್ತು, ಸುಣ್ಣ, ಮರ ಏರುವ ಜನ ಇವಿಷ್ಟೇ ಓಡುತ್ತಿರುತ್ತವೆ. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಕಳೆದು ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಬೋರ್ಡೊ ಬಿಡದಿದ್ದರೆ ಮಹಾಳಿ ಗೊನೆಯನ್ನು ಉಳಿಸುವುದಿಲ್ಲ. ಈ ಗಡಿಬಿಡಿಯಲ್ಲಿ ಮರೆತುಹೋಗುವುದು ಪಂಪು. ಕಳೆದ ವರ್ಷ ಮೂಲೆಗೆ ಹಾಕಿದ್ದನ್ನು ಮದ್ದು ಬಿಡುವ ದಿನವೇ ಎಳೆದು ತರುತ್ತೇವೆ. ಮರದ ಮೇಲಿನಿಂದ ‘ಪ್ರೆಷರ್ ಸಾಲದು’ ಎಂಬ ಕೂಗು ಬಂದ ಮೇಲೆ ವಾಷರ್ ಬಿಚ್ಚುತ್ತೇವೆ. ವಾಷರ್ ಸರಿಯಿದ್ದರೂ ಪ್ರೆಷರ್ ಬಾರದಿದ್ದರೆ ಕೀಲುಗಳನ್ನು ನೋಡಬೇಕು. ಎಂಜಿನ್ ಪಂಪುಗಳು ಬಂದ ಮೇಲೂ ಕೈಯಿಂದ ಜಗ್ಗುವ ಗಟಾರ್ ಪಂಪು ಇನ್ನೂ ಎಷ್ಟೋ ತೋಟಗಳಲ್ಲಿದೆ. ಹಾಗಾಗಿ ಅದರಿಂದಲೇ ಶುರುಮಾಡೋಣ.

ಹಿಡಿಕೆಯ ಲೆಕ್ಕ

ಈ ಪಂಪಿನ ಉದ್ದ ಹಿಡಿಕೆ ಒಂದು ಸನ್ನೆ. ಬುಡದಲ್ಲಿ ಒಂದು ಪಿನ್ನಿನ ಮೇಲೆ ಅದು ಹಿಂದೆ ಮುಂದೆ ಆಡುತ್ತದೆ. ಆ ಪಿನ್ನಿನಿಂದ ಸ್ವಲ್ಪವೇ ದೂರದಲ್ಲಿ ಒಂದು ಕೊಂಡಿಪಟ್ಟಿ ಹಿಡಿಕೆಯನ್ನು ಪಿಸ್ಟನ್ನಿನ ಸರಳಿಗೆ ಜೋಡಿಸುತ್ತದೆ. ಲೆಕ್ಕಕ್ಕೆಂದು, ಬುಡದ ಪಿನ್ನಿನಿಂದ ಕೈ ಹಿಡಿಯುವ ಜಾಗಕ್ಕೆ 90 ಸೆಂ.ಮೀ., ಕೊಂಡಿಗೆ 10 ಸೆಂ.ಮೀ. ಇದೆ ಎಂದುಕೊಳ್ಳಿ. ಆಗ ಕೈ ಹಾಕಿದ ಬಲ ಪಿಸ್ಟನ್ನಿಗೆ 9 ಪಟ್ಟಾಗಿ ತಲಪುತ್ತದೆ. 4 ಸೆಂ.ಮೀ. ಅಡ್ಡಳತೆಯ ಪಿಸ್ಟನ್ ಆದರೆ, ಚದರ ಸೆಂ.ಮೀ.ಗೆ 10 ಕೆ.ಜಿ. ಒತ್ತಡದ ಎದುರು ಅದನ್ನು ದೂಡಲು ಸುಮಾರು 125 ಕೆ.ಜಿ. ಬಲ ಬೇಕು. ಕೈಗೆ ಬರುವ ಭಾರ 14 ಕೆ.ಜಿ. ಮಾತ್ರ. ಮನುಷ್ಯ ದಿನವಿಡೀ ಪಂಪು ಜಗ್ಗಬಲ್ಲ ಗುಟ್ಟು ಇದು.

ಆದರೆ ಸನ್ನೆ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಬಲ 9 ಪಟ್ಟಾದರೆ ಚಲನೆ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಕೈ 45 ಸೆಂ.ಮೀ. ಹೋದಾಗ ಪಿಸ್ಟನ್ ಹೋಗುವುದು ಬರೀ 5 ಸೆಂ.ಮೀ. ಕೀಲುಗಳು ಕಳ್ಳತನ ಮಾಡುವುದು ಈ ಚಿಕ್ಕ ಚಲನೆಯಲ್ಲೇ. ಸವೆದ ಪಿನ್ನುಗಳಲ್ಲಿ ಒಟ್ಟು 5 ಮಿ.ಮೀ. ಸಡಿಲವಿದ್ದರೆ, ಪ್ರತಿ ದೂಡಿನಲ್ಲಿ ಹತ್ತನೇ ಒಂದು ಪಾಲು ಕೀಲಿನೊಳಗೇ ಕಳೆದುಹೋಯಿತು. ಅಷ್ಟೇ ಕಡಿಮೆ ಮದ್ದು ನಳಿಕೆಗೆ ಹೋಗುತ್ತದೆ. ಅದೇ ನಾಝಲ್ಲಿನಲ್ಲಿ ಹರಿವು 10 ಶೇಕಡ ಇಳಿದರೆ ಒತ್ತಡ ಸುಮಾರು 19 ಶೇಕಡ ಇಳಿಯುತ್ತದೆ. 15 ಮೀಟರಿನ ಮರದ ಕೊಬೆಗೆ ಮದ್ದು ಏರಿಸುವುದಕ್ಕೇ ಚದರ ಸೆಂ.ಮೀ.ಗೆ ಒಂದೂವರೆ ಕೆ.ಜಿ. ಖರ್ಚಾಗುತ್ತದೆ. ಉಳಿದದ್ದರಲ್ಲಿ ಮಂಜಿನಂಥ ಹನಿ ಆಗಬೇಕು.

ಸಡಿಲ ಅಳೆಯುವುದು

ನಳಿಕೆಯ ಒತ್ತಡ ಬಿಟ್ಟು, ಪಂಪನ್ನು ಹಲಗೆಯ ಮೇಲೆ ಗಟ್ಟಿಯಾಗಿ ನಿಲ್ಲಿಸಿ. ಪಿಸ್ಟನ್ನಿನ ಸರಳು ಸಿಲಿಂಡರಿನಿಂದ ಹೊರಬರುವಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಹಿಡಿಕೆಯನ್ನು ಒಂದು ಬದಿಗೆ ಒತ್ತಿ, ಅಲ್ಲಿಂದ ಮೆಲ್ಲಗೆ ಇನ್ನೊಂದು ಬದಿಗೆ ತನ್ನಿ. ಗೆರೆ ಅಲುಗುವ ತನಕ ಹಿಡಿಕೆಯ ತುದಿ ಎಷ್ಟು ದೂರ ಸುಮ್ಮನೆ ಹೋಯಿತು ಎಂದು ಅಳೆಯಿರಿ. ಮೇಲಿನ ಅಳತೆಯ ಪಂಪಿನಲ್ಲಿ ತುದಿಯ 45 ಮಿ.ಮೀ. ಎಂದರೆ ಕೀಲಿನ 5 ಮಿ.ಮೀ. ನನ್ನ ಪ್ರಕಾರ ತುದಿಯಲ್ಲಿ ಎರಡು ಬೆರಳಿನಗಲಕ್ಕಿಂತ ಹೆಚ್ಚು ಆಡಿದರೆ ಆ ಪಂಪನ್ನು ಹಾಗೆಯೇ ತೋಟಕ್ಕೆ ಒಯ್ಯಬಾರದು.

ಎಲ್ಲಿ ಸವೆದಿದೆ ಎಂದು ತಿಳಿಯಲು ಒಬ್ಬರು ಹಿಡಿಕೆ ಆಡಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡಲಿ. ‘ಟಕ್’ ಎನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಬುಡದ ಪಿನ್ನನ್ನು ಬಿಡಬೇಡಿ. ಹೆಚ್ಚಿನವರು ಕೊಂಡಿಯ ಎರಡು ಪಿನ್ನು ನೋಡಿ ಸುಮ್ಮನಾಗುತ್ತಾರೆ.

ಸರಿಪಡಿಸುವುದು

ಪಿನ್ನು ಮಾತ್ರ ಸವೆದಿದ್ದರೆ ಹೊಸದು ಹಾಕಿದರಾಯಿತು. ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಹೊಸ ಪಿನ್ನು ಹಾಕಿ ಪ್ರಯೋಜನವಿಲ್ಲ. ಲೇತ್ ಅಂಗಡಿಗೆ ಒಯ್ದು ತೂತನ್ನು ದುಂಡಗೆ ಕೊರೆಸಿ ಬುಶ್ ಕೂರಿಸಬೇಕು. ಪಿನ್ನಿನ ಬದಲು ಸಿಕ್ಕಿದ ಬೋಲ್ಟು ತುರುಕುವ ಅಭ್ಯಾಸವಿದೆಯಲ್ಲ, ಅದು ಬೇಡ. ಬೋಲ್ಟಿನ ಮರೆ ತೂತಿನೊಳಗೆ ಬಂದರೆ ಅರದಂತೆ ತಿಕ್ಕುತ್ತದೆ. ಬೋಲ್ಟೇ ಗತಿ ಎಂದಾದರೆ ಮರೆಯಿಲ್ಲದ ನುಣುಪು ಭಾಗ ತೂತಿನಲ್ಲಿ ಕೂರುವಷ್ಟು ಉದ್ದದ್ದನ್ನು ತನ್ನಿ.

ಸಡಿಲ ಹೋಗಲೆಂದು ನಟ್ಟನ್ನು ಬಿಗಿಯುವುದು ಇನ್ನೂ ಕೆಟ್ಟದ್ದು. ಹಿಡಿಕೆಯ ತುದಿ ಕಮಾನಿನಂತೆ ಸಾಗುತ್ತದೆ, ಪಿಸ್ಟನ್ ನೇರ ಗೆರೆಯಲ್ಲಿ. ನಮ್ಮ ಲೆಕ್ಕದ ಪಂಪಿನಲ್ಲಿ ಹಿಡಿಕೆ ಎರಡೂ ಬದಿಗೆ 15 ಡಿಗ್ರಿ ವಾಲಿದಾಗ ಕೊಂಡಿಯ ತುದಿ 3 ಮಿ.ಮೀ.ಗಿಂತ ತುಸು ಹೆಚ್ಚು ಏರಿಳಿಯುತ್ತದೆ. ಆ ವ್ಯತ್ಯಾಸವನ್ನು ನುಂಗುವುದೇ ಕೊಂಡಿಪಟ್ಟಿಯ ಕೆಲಸ. ಅದು ತಿರುಗದಂತೆ ಬಿಗಿದರೆ ಸರಳು ಬಗ್ಗುತ್ತದೆ, ವಾಷರ್ ಒಂದೇ ಬದಿಗೆ ಸವೆಯುತ್ತದೆ. ಪಿನ್ನು ಪಕ್ಕಕ್ಕೆ ಆಡಬಾರದು, ಸುತ್ತ ತಿರುಗಬೇಕು. ಕೈಯಲ್ಲಿ ತಿರುಗುವಷ್ಟು ಬಿಟ್ಟು ಸ್ಪ್ಲಿಟ್ ಪಿನ್ ಹಾಕಿ, ಗ್ರೀಸು ಹಚ್ಚಿ.

ತೋಟದಲ್ಲಿ ಹಲಗೆಯನ್ನು ಸಮತಟ್ಟಿಗೆ ಇಡಿ. ನಮ್ಮ ಇಳಿಜಾರು ಬರೆಗಳಲ್ಲಿ ಅದು ಸುಲಭವಲ್ಲ, ಆದರೂ ಒಂದು ಕಲ್ಲು ಕೊಟ್ಟು ಸರಿಮಾಡುವುದಕ್ಕೆ ಎಷ್ಟು ಹೊತ್ತು? ಹಿಡಿಕೆ ನೆಟ್ಟಗಿನ ಸ್ಥಿತಿಯಿಂದ ಎರಡೂ ಕಡೆಗೆ ಸಮನಾಗಿ ವಾಲಬೇಕು. ಒಂದೇ ಕಡೆ ಹೆಚ್ಚು ವಾಲಿದರೆ ಕೊಂಡಿ ಓರೆಯಾಗಿ ದೂಡುತ್ತದೆ, ಬಲದ ಒಂದು ಪಾಲು ಸರಳನ್ನು ಪಕ್ಕಕ್ಕೆ ಒತ್ತುವುದರಲ್ಲೇ ಹೋಗುತ್ತದೆ.

ಹಗುರಾಗಲಿ ಎಂದು ಹಿಡಿಕೆಗೆ ಜಿಐ ಪೈಪು ಸಿಕ್ಕಿಸುವವರಿದ್ದಾರೆ. ಉದ್ದ ಎರಡು ಪಟ್ಟಾದರೆ ಭಾರ ಅರ್ಧವಾಗುವುದು ನಿಜ. ಆದರೆ ಅಷ್ಟೇ ಮದ್ದಿಗೆ ಕೈ 90 ಸೆಂ.ಮೀ. ಬೀಸಬೇಕು. ದಿನವಿಡೀ ಹಾಗೆ ಯಾರೂ ಬೀಸುವುದಿಲ್ಲ, ದೂಡು ಗಿಡ್ಡವಾಗುತ್ತದೆ. ಮೇಲಾಗಿ ಗೊತ್ತಾಗದೆ ಹೆಚ್ಚು ಒತ್ತಡ ಬಿದ್ದು ನಳಿಕೆಯೋ ಪಿನ್ನೋ ಕೈಕೊಡುತ್ತದೆ. ನೆಲದಿಂದಲೇ ಮದ್ದು ಬಿಡುವ ದೋಟಿಯಲ್ಲಿ ಇದೇ ಲೆಕ್ಕ ತಲೆಕೆಳಗು: ಕೈ ಒಂದಿಷ್ಟು ಸರಿದರೆ ತುದಿ ಮಾರುದೂರ ಹೋಗುತ್ತದೆ, ಆದರೆ ತುದಿಯ ಕಾಲು ಕೆ.ಜಿ. ಕೂಡ ಕೈಗೆ ಹಲವು ಪಟ್ಟಾಗಿ ಬರುತ್ತದೆ. ಅಲ್ಲಿ ನಾಝಲ್ ಹಗುರವಿದ್ದಷ್ಟೂ ಒಳ್ಳೆಯದು.

ಎಂಜಿನ್ ಪಂಪಿನವರಿಗೆ

ಇಲ್ಲಿ ಹಿಡಿಕೆಯ ಜಾಗದಲ್ಲಿ ಕ್ರ್ಯಾಂಕ್ ಇದೆ, ತಿರುಗುವುದನ್ನು ಹಿಂದೆ ಮುಂದೆ ಮಾಡುತ್ತದೆ. ನೀವು ನೋಡಬೇಕಾದದ್ದು ಬೆಲ್ಟು. 1440 ಸುತ್ತಿನ ಮೋಟಾರಿಗೆ 4 ಇಂಚಿನ ಪುಲ್ಲಿ, ಪಂಪಿಗೆ 7.2 ಇಂಚಿನದ್ದಿದ್ದರೆ ಪಂಪು ನಿಮಿಷಕ್ಕೆ 800 ಸುತ್ತು ತಿರುಗುತ್ತದೆ. ಪುಲ್ಲಿ ಬದಲಿಸುವ ಮುಂಚೆ ಪಂಪಿನ ಮೇಲೆ ಬರೆದ ಸುತ್ತು ಓದಿಕೊಳ್ಳಿ. ಎರಡೂ ಪುಲ್ಲಿಗಳ ಮುಖಕ್ಕೆ ಒಂದು ದಾರ ಬಿಗಿದು ಹಿಡಿದರೆ ಸಾಲು ತಪ್ಪಿದ್ದು ಕಾಣುತ್ತದೆ. ಬೆಲ್ಟಿಗೆ ಕವರು ಇಲ್ಲದ ಪಂಪಿನ ಬಳಿ ಪಂಚೆ ಉಟ್ಟು ನಿಲ್ಲಬೇಡಿ.

ಕೆಲಸ ಮುಗಿದ ಮೇಲೆ

ಕೀಲು ಸವೆಯಲು ತಿಕ್ಕಾಟದಷ್ಟೇ ಕಾರಣ ಮೈಲುತುತ್ತು. 100 ಲೀಟರ್ ನೀರಿಗೆ ತಲಾ 1 ಕೆ.ಜಿ. ತುತ್ತು, ಸುಣ್ಣದ ದ್ರಾವಣದಲ್ಲಿ ಸುಣ್ಣ ಕಡಿಮೆ ಬಿದ್ದರೆ ಅದ್ದಿದ ಕತ್ತಿಯ ಅಲಗು ಕೆಂಪಾಗುತ್ತದಷ್ಟೆ. ಆ ಕೆಂಪು, ಕಬ್ಬಿಣವನ್ನು ತಿಂದು ಅದರ ಜಾಗದಲ್ಲಿ ಕೂತ ತಾಮ್ರ. ಪಂಪಿನ ಕಬ್ಬಿಣದ ಪಿನ್ನಿಗೂ ಹಾಗೆಯೇ ಆಗುತ್ತದೆ. ದಿನದ ಕೊನೆಗೆ ಒಳ್ಳೆಯ ನೀರನ್ನು ನಾಝಲ್ಲಿನಿಂದ ತಿಳಿಯಾಗಿ ಬರುವ ತನಕ ಹಾಯಿಸಿ, ಕೀಲುಗಳ ಮೇಲೂ ಸುರಿಯಿರಿ. ಎರಡನೇ ಮದ್ದು ಮುಗಿದ ಮೇಲೆ ಪಿನ್ನುಗಳನ್ನು ಕಳಚಿ ಒರೆಸಿ, ಗ್ರೀಸು ಹಚ್ಚಿ, ಒಂದು ಡಬ್ಬಿಯಲ್ಲಿ ಹಾಕಿ ಪಂಪಿಗೇ ಕಟ್ಟಿಡಿ. ಚರ್ಮದ ವಾಷರ್ ಇದ್ದರೆ ಅದಕ್ಕೆ ಎಣ್ಣೆ ಸವರಿ.