ಲ್ಯಾಪ್‌ಟಾಪಿನ ಕಾವು: ಲಕ್ಷಣ, ಕಾರಣ, ಉಪಾಯ

ಜ್ವರ ಬಂದವನನ್ನು ಕಂಡಾಗ ನಾವು ಮೊದಲು ಹಣೆ ಮುಟ್ಟಿ ನೋಡುತ್ತೇವೆ. ವೈದ್ಯನು ನಾಡಿ, ನಾಲಿಗೆ, ಕಣ್ಣುಗಳನ್ನು ಪರೀಕ್ಷಿಸಿದ ಬಳಿಕವೇ ಔಷಧ ಕೊಡುವನು. ಯಂತ್ರಗಳ ವಿಷಯದಲ್ಲಾದರೋ ನಾವು ಈ ಕ್ರಮವನ್ನು ಮರೆಯುತ್ತೇವೆ. ಲ್ಯಾಪ್‌ಟಾಪು ಕಾದು ನಿಂತಿತು, ಮತ್ತೆ ಚಾಲೂ ಆಗಲೊಲ್ಲದು ಎಂದೊಡನೆ ಒಬ್ಬರು ‘ಬ್ಯಾಟರಿ ಬದಲಿಸಿರಿ’ ಎನ್ನುವರು. ಇನ್ನೊಬ್ಬರು ‘ಒಳಗೆ ಸುಟ್ಟಿರಬೇಕು, ಹೊಸದನ್ನೇ ಕೊಳ್ಳಿರಿ’ ಎನ್ನುವರು. ಕಾರಣ ತಿಳಿಯದೆ ಕೊಂಡ ಬಿಡಿಭಾಗದಿಂದ ಹಣವೂ ಹೋಗುವದು, ರೋಗವೂ ಉಳಿಯುವದು. ಅಣ್ಣ, ತಂಗಿ, ತಂದೆ ಎಲ್ಲರೂ ಒಂದೇ ಯಂತ್ರವನ್ನು ಸರದಿಯ ಮೇಲೆ ಬಳಸುವ ಮನೆಗೆ ಇದು ಸಣ್ಣ ಹಾನಿಯಲ್ಲ. ಮಕ್ಕಳ ಅಭ್ಯಾಸ, ಶಿಷ್ಯವೇತನದ ಅರ್ಜಿ, ಹೊಲದ ಉತಾರೆಯ ಪ್ರತಿ ಎಲ್ಲವೂ ಅದರೊಳಗೇ ಇರುವವು.

ನಿಲಂಗಾ, ಉದಗೀರ ತಾಲೂಕುಗಳು ೧೯೫೬ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷದ ನವ್ಹೆಂಬರ್ ೧ರಂದು ಮುಂಬಯಿ ರಾಜ್ಯಕ್ಕೆ ಸೇರಿ, ೧೯೬೦ರ ಮೇ ೧ರಿಂದ ಮಹಾರಾಷ್ಟ್ರದಲ್ಲಿವೆ. ಆದುದರಿಂದ ಶಿರೂರ ಅನಂತಪಾಳದ ಸುತ್ತಿನ ಕನ್ನಡ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ಪೇಟೆಯ ಮಾತು ಮರಾಠಿ. ಯಂತ್ರದ ಪರದೆಯ ಮೇಲೆ ಮೂಡುವದು ಇಂಗ್ಲಿಷು. ಸಂತೋಷದ ಸಂಗತಿಯೆಂದರೆ ಲಕ್ಷಣ, ಕಾರಣ, ಉಪಾಯ ಎಂಬ ಮೂರು ಶಬ್ದಗಳು ಕನ್ನಡಕ್ಕೂ ಮರಾಠಿಗೂ ಸಮಾನವಾಗಿವೆ. ಈ ಪಾಠವನ್ನು ನಾವು ಆ ಮೂರರ ಕ್ರಮದಲ್ಲಿಯೇ ನಡೆಸುವೆವು. ಅದಕ್ಕೂ ಮುಂಚೆ, ಕಾವು ಎಲ್ಲಿ ಹುಟ್ಟಿ ಯಾವ ದಾರಿಯಿಂದ ಹೊರಬೀಳುವದೆಂಬದನ್ನು ತಿಳಿಯುವಾ.

ಕಾವು ಹುಟ್ಟುವ ಬಗೆ

ವಿದ್ಯುತ್ ಪ್ರವಾಹವು ತಂತಿಯಲ್ಲಿ ಹರಿಯುವಾಗ ಹುಟ್ಟುವ ಕಾವಿನ ನಿಯಮವನ್ನು ಇಂಗ್ಲಂಡಿನ ಜೇಮ್ಸ್ ಜೂಲನು ೧೮೪೧ರಲ್ಲಿ ಪ್ರಕಟಿಸಿದನು. ಪ್ರವಾಹವು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುವದು. ಎಣಿಕೆಯ ಯಂತ್ರಗಳಿಗೆ ಈ ಕಾವು ಮೊದಲಿನಿಂದಲೂ ತೊಡಕಾಗಿದೆ. ಅಮೇರಿಕೆಯಲ್ಲಿ ೧೯೪೬ರಲ್ಲಿ ಲೋಕದ ಮುಂದೆ ಬಂದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದು, ಅದಕ್ಕೆ ಸುಮಾರು ೧೫೦ ಕಿಲೋವ್ಯಾಟ್ ವಿದ್ಯುತ್ತು ಬೇಕಾಗುತ್ತಿದ್ದಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಕಟ್ಟಿ, ೧೯೬೨ರಲ್ಲಿ ‘ಟಿಫ್ರಾಕ್’ ಎಂಬ ಹೆಸರು ಪಡೆದ ನಮ್ಮ ದೇಶದ ಯಂತ್ರದಲ್ಲಿ ಸುಮಾರು ೨,೭೦೦ ವಾಲ್ವುಗಳಿದ್ದವು. ಇಂದಿನ ಲ್ಯಾಪ್‌ಟಾಪಿನಲ್ಲಿ ವಾಲ್ವುಗಳಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯೊಂದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಅಡಕವಾಗಿವೆ. ಇದಕ್ಕೆ ಪ್ರೊಸೆಸರ್ ಎನ್ನುವರು. ಇದು ಸಾಮಾನ್ಯವಾಗಿ ೧೫ರಿಂದ ೪೫ ವ್ಯಾಟ್ ವಿದ್ಯುತ್ತನ್ನು ಬಳಸುವದು. ಬಳಸಿದ್ದೆಲ್ಲವೂ ಕಡೆಗೆ ಕಾವಾಗಿಯೇ ಹೊರಬೀಳಬೇಕು.

ಕಾವು ಹೊರಬೀಳುವ ದಾರಿ

ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗಿರುವದೇಕೆ? ಹರವಿಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ತನ್ನೊಡನೆ ಒಯ್ಯುವದು. ಲ್ಯಾಪ್‌ಟಾಪಿನ ತಾಮ್ರದ ಕೊಳವೆಯಲ್ಲಿ ನಡೆಯುವದೂ ಇದೇ. ಪ್ರೊಸೆಸರಿನ ಮೇಲೆ ಕುಳಿತ ಈ ಕೊಳವೆಯ ಎರಡೂ ತುದಿಗಳು ಮುಚ್ಚಿರುವವು. ಒಳಗೆ ತುಸು ದ್ರವವಿರುವದು. ಕಾದ ತುದಿಯಲ್ಲಿ ದ್ರವವು ಆವಿಯಾಗಿ, ತಂಪಾದ ತುದಿಗೆ ಓಡಿ, ಅಲ್ಲಿ ಕಾವನ್ನು ಬಿಟ್ಟು, ಮತ್ತೆ ದ್ರವವಾಗಿ ಹಿಂದಿರುಗುವದು. ಹರವಿಯ ಆವಿ ಗಾಳಿಯಲ್ಲಿ ಹೋಗಿಬಿಡುವದು. ಕೊಳವೆಯ ಆವಿ ಒಳಗೇ ಸುತ್ತುವದು. ಇಷ್ಟೇ ಭೇದ. ಇಂಥ ಕೊಳವೆಯನ್ನು ಅಮೇರಿಕೆಯ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರನು ೧೯೬೩ರಲ್ಲಿ ಮಾಡಿ ತೋರಿಸಿದನು.

ಕೊಳವೆಯ ತಂಪಾದ ತುದಿಗೆ ಬಾಚಣಿಗೆಯ ಹಲ್ಲುಗಳಂತೆ ತೆಳ್ಳಗಿನ ಲೋಹದ ರೆಕ್ಕೆಗಳಿರುವವು. ಸಣ್ಣ ಪಂಖವೊಂದು ಆ ರೆಕ್ಕೆಗಳ ನಡುವೆ ಗಾಳಿಯನ್ನು ಊದಿ ಕಾವನ್ನು ಕಿಂಡಿಯ ಹೊರಗೆ ತಳ್ಳುವದು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಒಂದು ಬಗೆಯ ಲೇಪವಿರುವದು. ತಾಮ್ರವು ಗಾಳಿಗಿಂತ ಸುಮಾರು ೧೫,೦೦೦ ಪಟ್ಟು ಸುಲಭವಾಗಿ ಕಾವನ್ನು ಸಾಗಿಸುವದು. ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ದಾರಿ ಕಟ್ಟುವದಾದ್ದರಿಂದ ಆ ಸಂದನ್ನು ಲೇಪದಿಂದ ತುಂಬಿರುತ್ತಾರೆ.

ಈಗ ನಮ್ಮ ಊರಿನ ಹವೆಯ ಕಡೆಗೆ ನೋಡುವಾ. ಬಹುತೇಕ ತಯಾರಕರು ತಮ್ಮ ಯಂತ್ರವನ್ನು ೩೫ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದ ಹವೆಯಲ್ಲಿ ನಡೆಸಬಾರದೆಂದು ಹೇಳುವರು. ಮರಾಠವಾಡೆಯ ಮೇ ತಿಂಗಳಲ್ಲಿ ಹೊರಗಿನ ಹವೆಯೇ ೪೦ ಡಿಗ್ರಿಯನ್ನು ದಾಟುವದುಂಟು. ತಗಡಿನ ಛಾವಣಿಯ ಕೋಣೆಯಲ್ಲಿ ಅದಕ್ಕೂ ಹೆಚ್ಚು. ಕಾವು ಹರಿಯುವದು ಎರಡು ಕಡೆಯ ಉಷ್ಣತೆಯ ಅಂತರಕ್ಕೆ ತಕ್ಕಂತೆ. ಪ್ರೊಸೆಸರಿನ ಮೇಲ್ಮಿತಿ ೧೦೦ ಡಿಗ್ರಿ ಎಂದು ಹಿಡಿದರೆ, ೨೫ ಡಿಗ್ರಿಯ ಕೋಣೆಯಲ್ಲಿ ಅಂತರ ೭೫. ೪೨ ಡಿಗ್ರಿಯ ಕೋಣೆಯಲ್ಲಿ ೫೮ ಮಾತ್ರ. ಪಂಖ ಅದೇ, ತಾಮ್ರ ಅದೇ. ಆದರೆ ಹೊರಬೀಳಬಲ್ಲ ಕಾವು ಮುಕ್ಕಾಲು ಪಾಲಿಗೆ ಇಳಿಯಿತು. ಇದರ ಮೇಲೆ ಎರೆಭೂಮಿಯ ಸಣ್ಣ ಧೂಳು, ತೊಗರಿ-ಸೋಯಾಗಳ ರಾಶಿಯ ಕಾಲದ ಹೊಟ್ಟು ರೆಕ್ಕೆಗಳ ನಡುವೆ ಸೇರಿಕೊಂಡರೆ ದಾರಿಯು ಇನ್ನಷ್ಟು ಕಿರಿದಾಗುವದು.

ಲಕ್ಷಣ ಮತ್ತು ಕಾರಣ

ಕಾದ ಯಂತ್ರವು ತಾನಾಗಿ ನಿಂತರೆ ಸುಟ್ಟಿತೆಂದು ಗಾಬರಿಯಾಗಬಾರದು. ಪ್ರೊಸೆಸರಿನೊಳಗೆ ಉಷ್ಣತೆಯನ್ನು ಅಳೆಯುವ ವ್ಯವಸ್ಥೆಯಿದೆ. ಮೇಲ್ಮಿತಿ ಸಮೀಪಿಸಿದಾಗ ಅದು ಮೊದಲು ತನ್ನ ವೇಗವನ್ನು ಇಳಿಸುವದು. ಕಾವು ಆಗಲೂ ಏರಿದರೆ ಯಂತ್ರವನ್ನು ನಿಲ್ಲಿಸುವದು. ಸುಡುವದಕ್ಕೆ ಮುಂಚೆ ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯವಿದು. ಹಾಗೆ ನಿಂತ ಯಂತ್ರವನ್ನು ತಿರುತಿರುಗಿ ಗುಂಡಿ ಒತ್ತಿ ಎಬ್ಬಿಸುವದು ದಣಿದ ಎತ್ತನ್ನು ಬಾರಕೋಲಿನಿಂದ ಹೊಡೆದಂತೆ.

ಲಕ್ಷಣಗಳು ಮುಖ್ಯವಾಗಿ ಐದು ಬಗೆ.

ಒಂದನೆಯದು: ಯಂತ್ರವು ಹತ್ತಿಪ್ಪತ್ತು ನಿಮಿಷ ನಡೆದು, ಪಂಖದ ಸದ್ದು ಏರಿ, ತಟ್ಟನೆ ನಿಲ್ಲುವದು, ಒಂದು ತಾಸು ಆರಿದ ಮೇಲೆ ಮತ್ತೆ ಚಾಲೂ ಆಗುವದು. ಕಾವಿನ ದಾರಿ ಕಟ್ಟಿದೆಯೆಂದು ಇದರಿಂದ ತಿಳಿಯಬೇಕು. ಧೂಳು, ಒಣಗಿದ ಲೇಪ, ನಿಂತ ಪಂಖ ಇವುಗಳಲ್ಲೊಂದು ಕಾರಣ. ಪಂಖವು ತಿರುಗದಿದ್ದರೆ ಕೆಲವು ಯಂತ್ರಗಳು ಆರಂಭದಲ್ಲಿಯೇ ಎಚ್ಚರಿಕೆಯ ಮಾತನ್ನು ತೋರಿಸಿ ನಿಂತುಬಿಡುವವು.

ಎರಡನೆಯದು: ಗುಂಡಿ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ವಿದ್ಯುತ್ತು ಒಳಗೆ ತಲುಪಿಲ್ಲ. ಗೋಡೆಯ ಸಾಕೆಟ್ಟು, ಅಡಾಪ್ಟರು, ಅದರ ತಂತಿ, ಅದನ್ನು ಸಿಕ್ಕಿಸುವ ತೂತು ಇವನ್ನು ಸಂಶಯಿಸಬೇಕು.

ಮೂರನೆಯದು: ದೀಪ ಹೊತ್ತಿ ಪಂಖ ತಿರುಗುವದು, ಪರದೆ ಮಾತ್ರ ಕಪ್ಪು. ದೋಷವು ಪರದೆಯಲ್ಲಿರಬಹುದು, ಇಲ್ಲವೆ ರ್‍ಯಾಮ್ ಎಂಬ ನೆನಪಿನ ಪಟ್ಟಿ ತನ್ನ ಸ್ಥಾನದಲ್ಲಿ ಸಡಿಲಾಗಿರಬಹುದು.

ನಾಲ್ಕನೆಯದು: ತಯಾರಕರ ಹೆಸರು ಪರದೆಯ ಮೇಲೆ ಮೂಡಿ ಮುಂದೆ ಸಾಗದು. ಯಂತ್ರಕ್ಕೆ ಜೀವವಿದೆ; ಮಾಹಿತಿ ಇಡುವ ಡಿಸ್ಕಿನಲ್ಲಿಯೋ ಅದರೊಳಗಿನ ಕಾರ್ಯಕ್ರಮಗಳಲ್ಲಿಯೋ ತೊಡಕಿದೆ.

ಐದನೆಯದು: ಕೀಲಿಮಣೆಯ ಭಾಗವು ಉಬ್ಬಿ ಮೇಲೆದ್ದಿರುವದು, ಮುಚ್ಚಳ ಸರಿಯಾಗಿ ಕೂಡದು. ಇದು ಅಪಾಯದ ಲಕ್ಷಣ. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿದೆ. ಇಂಥ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ, ಚಾರ್ಜಿಗೆ ಹಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜರು ತೆಗೆದು, ಯಂತ್ರವನ್ನು ಮಕ್ಕಳ ಕೈಗೆ ಸಿಗದಂತೆ, ಬಟ್ಟೆ-ಕಾಗದಗಳಿಂದ ದೂರವಿಟ್ಟು, ಹಿರಿಯರು ಬಲ್ಲವರಿಗೆ ತಿಳಿಸಬೇಕು.

ಉಪಾಯ

ಉಬ್ಬಿದ ಬ್ಯಾಟರಿಯೊಂದನ್ನು ಬಿಟ್ಟು ಉಳಿದ ಲಕ್ಷಣಗಳಲ್ಲಿ, ಸುಲಭವಾದದ್ದನ್ನು ಮೊದಲು, ಕಠಿಣವಾದದ್ದನ್ನು ಕಡೆಗೆ ಮಾಡತಕ್ಕದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಕೂಡಿಯೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬದು ತಿಳಿಯದು.

೧. ಚಾರ್ಜರು ತೆಗೆದು, ಯಂತ್ರವನ್ನು ನೆರಳಿನಲ್ಲಿ ಅರ್ಧ ತಾಸು ಆರಗೊಡಿರಿ. ಗಾದಿ, ಕೌದಿಗಳ ಮೇಲೆ ಇಡಬಾರದು. ಮೆತ್ತನೆಯ ಬಟ್ಟೆಯು ತಳದ ಕಿಂಡಿಗಳನ್ನು ಮುಚ್ಚುವದು. ಊಟದ ಮಣೆಯೊಂದು ಸಾಕು. ಅದರ ಮೇಲೆ ಗಾಳಿಯು ಕೆಳಗಿನಿಂದ ಆಡುವದು.

೨. ಅದೇ ಸಾಕೆಟ್ಟಿಗೆ ಬೇರೊಂದು ಸಾಮಾನು ಹಚ್ಚಿ ವಿದ್ಯುತ್ತು ಇದೆಯೇ ನೋಡಿರಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರುಗಳನ್ನು ಓದಿರಿ. ನೆರೆಯವರ ಅಡಾಪ್ಟರಿನಿಂದ ಪರೀಕ್ಷಿಸುವದಾದರೆ ಅದರ ಮೊನೆಯೂ ವೋಲ್ಟೂ ಒಂದೇ ಆಗಿರಬೇಕು. ಆಂಪಿಯರು ಸಮ ಇಲ್ಲವೆ ಹೆಚ್ಚಾಗಿರಬೇಕು.

೩. ಮೌಸು, ಪೆನ್‌ಡ್ರೈವು ಮೊದಲಾದವನ್ನೆಲ್ಲ ಕಳಚಿರಿ. ಬ್ಯಾಟರಿಯು ಹೊರಗಿನಿಂದ ತೆಗೆಯಬರುವಂಥದಿದ್ದರೆ ತೆಗೆಯಿರಿ. ಚಾಲೂ ಮಾಡುವ ಗುಂಡಿಯನ್ನು ೩೦ ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಬರಿದಾಗಿ, ಸಿಕ್ಕಿಕೊಂಡಿದ್ದ ವ್ಯವಸ್ಥೆ ಬಿಡಿಸಿಕೊಳ್ಳುವದು. ಬಳಿಕ ಚಾರ್ಜರು ಮಾತ್ರ ಹಚ್ಚಿ ಒಮ್ಮೆ ಪ್ರಯತ್ನಿಸಿರಿ. ಏನೂ ಖರ್ಚಿಲ್ಲದ ಈ ಉಪಾಯದಿಂದ ಎಷ್ಟೋ ಯಂತ್ರಗಳು ಎದ್ದು ಕುಳಿತಿವೆ.

೪. ಪರದೆ ಕಪ್ಪಾಗಿದ್ದರೆ, ಕತ್ತಲೆಯಲ್ಲಿ ಅದರ ಮೇಲೆ ಓರೆಯಾಗಿ ಟಾರ್ಚಿನ ಬೆಳಕು ಬಿಡಿರಿ. ಮಸುಕಾಗಿ ಚಿತ್ರ ಕಂಡರೆ ಪರದೆಯ ಹಿಂದಿನ ದೀಪವಷ್ಟೇ ಕೆಟ್ಟಿದೆ. ಯಂತ್ರವು ಬೀಪ್ ಸದ್ದು ಮಾಡಿದರೆ, ದೀಪ ಮಿಣುಕಿಸಿದರೆ, ಎಷ್ಟು ಸಲ ಎಂದು ಎಣಿಸಿ ಬರೆದಿಡಿರಿ. ಅದು ಯಂತ್ರದ ಸಂಕೇತಭಾಷೆ. ಬಲ್ಲವನಿಗೆ ಆ ಸಂಖ್ಯೆಯಿಂದಲೇ ರೋಗದ ಸ್ಥಾನ ತಿಳಿಯುವದು.

೫. ಕಾವಿನ ಲಕ್ಷಣವಿದ್ದರೆ, ಯಂತ್ರವನ್ನು ಪೂರ್ಣವಾಗಿ ಆರಿಸಿ, ಕಿಂಡಿಗಳ ಧೂಳನ್ನು ಮೆತ್ತನೆಯ ಒಣ ಕುಂಚದಿಂದ ತೆಗೆಯಿರಿ. ಒಳಗಿನ ಧೂಳನ್ನು ಊದಿ ತೆಗೆಯುವದು, ಲೇಪ ಬದಲಿಸುವದು, ರ್‍ಯಾಮ್ ಕಳಚಿ ಮತ್ತೆ ಕೂಡಿಸುವದು ಇವು ಕೈ ಪಳಗಿದವರ ಕೆಲಸ. ಊದುವಾಗ ಪಂಖದ ಎಲೆಗಳನ್ನು ಕಡ್ಡಿಯಿಂದ ತಡೆಹಿಡಿಯಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಕೆಡುವದು.

ಮಾಡಬಾರದ ಕೆಲಸಗಳೂ ಕೆಲವಿವೆ. ಕಾದ ಯಂತ್ರವನ್ನು ಫ್ರಿಜ್ಜಿನಲ್ಲಿಡಬಾರದು. ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಹನಿಗೂಡುವಂತೆ, ಹೊರತೆಗೆದಾಗ ಅದರ ಒಳಭಾಗಗಳ ಮೇಲೆ ನೀರು ಹನಿಗಟ್ಟುವದು. ಕೂಲರಿನ ತೇವದ ಗಾಳಿಗೆ ನೇರವಾಗಿ ಇಡಬಾರದು. ಒದ್ದೆ ಬಟ್ಟೆ ಹೊದಿಸಬಾರದು. ಕೆಟ್ಟ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು, ಒಲೆಗೆ ಹಾಕಬಾರದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆಯು ಉತ್ಪಾದಕರ ಮೇಲಿದೆ.

ರಿಪೇರಿಗೆ ಒಯ್ಯುವ ಮುಂಚೆ

ಇಷ್ಟಾದರೂ ಯಂತ್ರ ಏಳದಿದ್ದರೆ ಉದಗೀರಕ್ಕೋ ಲಾತೂರಿಗೋ ಒಯ್ಯಬೇಕಾದೀತು. ಹೋಗುವ ಮುಂಚೆ ಒಂದು ಹಾಳೆಯ ಮೇಲೆ ಮೂರು ಸಾಲು ಎಳೆದು, ಕಂಡ ಲಕ್ಷಣ, ಊಹಿಸಿದ ಕಾರಣ, ಮಾಡಿ ನೋಡಿದ ಉಪಾಯ ಎಂದು ಬರೆಯಿರಿ. ಪರದೆಯ ಮೇಲೆ ಇಂಗ್ಲಿಷ್ ಮಾತು ಮೂಡಿದ್ದರೆ ಅರ್ಥವಾಗದಿದ್ದರೂ ಅಕ್ಷರಕ್ಕಕ್ಷರ ನಕಲು ಮಾಡಿಕೊಳ್ಳಿರಿ. ‘ಏನೋ ಆಗಿದೆ, ನೋಡಿರಿ’ ಎಂದು ಹೇಳುವ ಗಿರಾಕಿಗಿಂತ ಈ ಹಾಳೆಯನ್ನು ಮುಂದಿಡುವ ಗಿರಾಕಿಯ ಕೆಲಸ ಬೇಗ ಆಗುವದು. ಬೇಡದ ಬಿಡಿಭಾಗಕ್ಕೆ ಹಣ ಕೊಡುವ ಪ್ರಸಂಗವೂ ತಪ್ಪುವದು.

ಪಾಲಕರು ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳತಕ್ಕದ್ದು: ‘ಒಳಗಿನ ಕಾಗದಪತ್ರಗಳನ್ನು ಬೇರೆ ಕಡೆ ನಕಲಿಸುವವರೆಗೆ ಡಿಸ್ಕನ್ನು ಅಳಿಸಬೇಡಿರಿ.’ ಯಂತ್ರವು ಚಾಲೂ ಆಗದ ಮಾತ್ರಕ್ಕೆ ಡಿಸ್ಕಿನೊಳಗಿನ ಬರಹ ಅಳಿಸಿಹೋಗದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಹೊರತೆಗೆದು ಬೇರೊಂದು ಯಂತ್ರದಲ್ಲಿ ಓದಬಹುದು. ಕೆಲವು ಹೊಸ ಮಾದರಿಗಳಲ್ಲಿ ಅದು ಬೋರ್ಡಿಗೇ ಬೆಸೆದಿರುವದರಿಂದ ಹಾಗೆ ತೆಗೆಯಲು ಬರದು. ಆದುದರಿಂದ ಯಂತ್ರವು ಆರೋಗ್ಯದಿಂದಿರುವಾಗಲೇ ಬೇಕಾದ ಕಾಗದಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವದು ಜಾಣತನ. ಬಿತ್ತುವ ಬೀಜವನ್ನೆಲ್ಲ ಒಂದೇ ಗಡಿಗೆಯಲ್ಲಿ ಯಾವ ಒಕ್ಕಲಿಗನೂ ಇಡುವದಿಲ್ಲ.

ವಿದ್ಯಾರ್ಥಿ ಮಿತ್ರರೇ, ಕೆಟ್ಟ ಯಂತ್ರದ ಮುಂದೆ ಅವಸರ ಮಾಡದೆ ಕುಳಿತು, ಕಂಡದ್ದನ್ನು ಬರೆದು, ಒಂದೊಂದೇ ಕಾರಣವನ್ನು ಪರೀಕ್ಷಿಸಿ ಬಿಡುವದೇ ವಿಜ್ಞಾನದ ಅಭ್ಯಾಸ. ಇದನ್ನು ಕಲಿತ ಹುಡುಗನಿಗೆ, ಹುಡುಗಿಗೆ ನಾಳೆ ಹೊಲದ ಪಂಪು ಕೆಟ್ಟರೂ, ಮನೆಯ ಮೀಟರು ಆರಿದರೂ ಇದೇ ದಾರಿಯು ನೆರವಾಗುವದು.

ಅಭ್ಯಾಸ

೧. ಮಣ್ಣಿನ ಹರವಿಗೂ ಲ್ಯಾಪ್‌ಟಾಪಿನ ತಾಮ್ರದ ಕೊಳವೆಗೂ ಇರುವ ಸಾಮ್ಯ, ಭೇದಗಳನ್ನು ಬರೆಯಿರಿ.

೨. ಪ್ರೊಸೆಸರಿನ ಮೇಲ್ಮಿತಿ ೧೦೦ ಡಿಗ್ರಿ. ಕೋಣೆಯ ಹವೆ ೪೦ ಡಿಗ್ರಿಯಿಂದ ೩೦ ಡಿಗ್ರಿಗೆ ಇಳಿದರೆ ಹೊರಬೀಳಬಲ್ಲ ಕಾವು ನೂರಕ್ಕೆ ಎಷ್ಟರಷ್ಟು ಹೆಚ್ಚುವದು?

೩. ‘ದೀಪ ಹೊತ್ತುವದು, ಪಂಖ ತಿರುಗುವದು, ಪರದೆ ಕಪ್ಪು’: ಯಾವ ಪರೀಕ್ಷೆಯನ್ನು ಮೊದಲು ಮಾಡುವಿರಿ? ಏಕೆ?

೪. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ಬಿಸಿನೀರು ತುಂಬಿ, ಒಂದಕ್ಕೆ ಕೌದಿ ಸುತ್ತಿರಿ, ಇನ್ನೊಂದನ್ನು ಗಾಳಿಯಲ್ಲಿಡಿರಿ. ಅರ್ಧ ತಾಸಿನ ಬಳಿಕ ಎರಡರ ಉಷ್ಣತೆಯನ್ನು ಅಳೆದು, ಕಂಡುಬಂದದ್ದನ್ನು ಮನೆಯ ಹಿರಿಯರಿಗೆ ವಿವರಿಸಿ ಹೇಳಿರಿ.