ಆಫ್ರಿಕ ಖಂಡದಲ್ಲಿ ರೋಗಿಗಳೂ ವೈದ್ಯರೂ



ಒಂದು ಊರಿನಲ್ಲಿ ರೋಗವು ತಲೆದೋರಿದಾಗ ಎರಡು ಪ್ರಶ್ನೆಗಳು ಹುಟ್ಟುತ್ತವೆ. ರೋಗಿಯ ಹಾಸಿಗೆಯ ಬಳಿಗೆ ಬರುವವರು ಯಾರು? ಎಂಬದು ಮೊದಲನೆಯದು. ಈ ರೋಗವು ಎಲ್ಲಿಂದ ಬಂತು, ಇದಕ್ಕೆ ಮದ್ದು ಯಾವದು ಎಂದು ಹುಡುಕುವವರು ಯಾರು? ಎಂಬದು ಎರಡನೆಯದು. ಮೊದಲನೆಯದಕ್ಕೆ ಆರೈಕೆಯೆಂದೂ ಎರಡನೆಯದಕ್ಕೆ ಸಂಶೋಧನೆಯೆಂದೂ ಹೆಸರು. ಇವೆರಡೂ ಬೇರೆ ಬೇರೆ ಕೆಲಸಗಳೆಂದು ನಾವು ಸಾಧಾರಣವಾಗಿ ನೆನಸುತ್ತೇವೆ. ಆದರೆ ಆಫ್ರಿಕ ಖಂಡದ ವರ್ತಮಾನವನ್ನು ವಿಚಾರಿಸಿದರೆ, ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದೆಂಬದು ಸ್ಪಷ್ಟವಾಗುವದು. ಈ ಪಾಠದಲ್ಲಿ ಅದನ್ನೇ ಕ್ರಮವಾಗಿ ನೋಡೋಣ.

೧. ಕೊರತೆ ಎಷ್ಟು?

ಲೋಕದ ಆರೋಗ್ಯ ಸಂಸ್ಥೆಯು ೨೦೦೬ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲೋಕದಲ್ಲಿರುವ ರೋಗಭಾರದೊಳಗೆ ನೂರಕ್ಕೆ ೨೪ ಪಾಲು ಆಫ್ರಿಕ ಪ್ರಾಂತದ ಮೇಲಿತ್ತು. ಲೋಕದ ವೈದ್ಯಸೇವಕರೊಳಗಾದರೋ ನೂರಕ್ಕೆ ೩ ಮಂದಿ ಮಾತ್ರ ಅಲ್ಲಿದ್ದರು. ಇದು ನೂರು ಮೂಟೆಗಳಲ್ಲಿ ಇಪ್ಪತ್ತನಾಲ್ಕನ್ನು ಹೊರುವದಕ್ಕೆ ನೂರು ಆಳುಗಳಲ್ಲಿ ಮೂವರನ್ನು ಕೊಟ್ಟಂತಾಯಿತು. ವೈದ್ಯರೂ ದಾದಿಯರೂ ಸೂಲಗಿತ್ತಿಯರೂ ಬಹಳ ಕಡಿಮೆಯಾಗಿರುವ ೫೭ ದೇಶಗಳನ್ನು ಆ ವರದಿಯು ಹೆಸರಿಸಿತು. ಅವುಗಳಲ್ಲಿ ೩೬ ಸಹಾರ ಮರುಭೂಮಿಯ ದಕ್ಷಿಣಕ್ಕಿರುವಂಥವು.

ಇದಕ್ಕೆ ಕಾರಣಗಳು ಒಂದೆರಡಲ್ಲ. ಕೆಲವು ದೇಶಗಳಲ್ಲಿ ವೈದ್ಯಶಾಲೆಗಳು ತಡವಾಗಿ ಹುಟ್ಟಿದವು. ಮಲಾವಿ ದೇಶದಲ್ಲಿ ವೈದ್ಯ ಕಾಲೇಜು ತೆರೆದದ್ದು ೧೯೯೧ರಲ್ಲಿ. ಅದಕ್ಕೆ ಮುಂಚೆ ಯುವಕರನ್ನು ಸಮುದ್ರದಾಚೆಗೆ ಕಲಿಯಲು ಕಳುಹಿಸುತ್ತಿದ್ದರು. ಹೋದವರಲ್ಲಿ ಅನೇಕರು ತಿರಿಗಿ ಬರಲಿಲ್ಲ. ಇನ್ನು ಸ್ವದೇಶದಲ್ಲೇ ಕಲಿತವರಾದರೂ, ಸಂಬಳವು ಅಲ್ಪ, ಔಷಧಗಳು ಸಾಲದು, ವಾಸಕ್ಕೆ ಮನೆಯಿಲ್ಲ ಎಂಬ ಕಾರಣಗಳಿಂದ ಐಶ್ವರ್ಯವುಳ್ಳ ದೇಶಗಳಿಗೆ ಹೊರಟುಹೋಗುತ್ತಾರೆ. ಅವರನ್ನು ಕೂಡಲೆ ದೂಷಿಸುವದು ನ್ಯಾಯವಲ್ಲ. ತನ್ನ ಮಕ್ಕಳನ್ನು ಸಾಕುವ ಹೊಣೆ ದಾದಿಗೂ ಉಂಟು. ಬಡದೇಶಗಳಿಂದ ವೈದ್ಯಸೇವಕರನ್ನು ಸೆಳೆದುಕೊಳ್ಳಬಾರದೆಂಬ ನಿಯಮಾವಳಿಯನ್ನು ೨೦೧೦ರ ಮೇ ತಿಂಗಳಲ್ಲಿ ಲೋಕದ ದೇಶಗಳು ಒಪ್ಪಿಕೊಂಡವು. ಆದರೂ ಅದು ಬುದ್ಧಿಮಾತೇ ಹೊರತು ಶಿಕ್ಷೆಯಿರುವ ಕಾನೂನಲ್ಲ.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ರೋಗಿಗಳಿಗೆ ದಾದಿಯರಿಲ್ಲದ ಕೆಲವು ದೇಶಗಳಲ್ಲಿಯೇ, ಕಲಿತು ತೇರ್ಗಡೆಯಾದ ದಾದಿಯರು ಕೆಲಸವಿಲ್ಲದೆ ಮನೆಯಲ್ಲಿ ಕೂತಿರುತ್ತಾರೆ! ಯಾಕಂದರೆ ಅವರಿಗೆ ಸಂಬಳ ಕೊಡುವಷ್ಟು ಹಣ ಸರಕಾರದ ಬೊಕ್ಕಸದಲ್ಲಿಲ್ಲ. ಆದಕಾರಣ ಕಲಿಸಿದರೆ ಮಾತ್ರ ಸಾಲದು; ಕಲಿತವರನ್ನು ನಿಲ್ಲಿಸಿಕೊಳ್ಳಲೂ ಬೇಕು. ಮಲಾವಿಯ ಸರಕಾರವು ೨೦೦೪ರಲ್ಲಿ ಪರದೇಶಗಳ ಸಹಾಯದಿಂದ ಮುಖ್ಯವಾದ ವೈದ್ಯಸೇವಕರಿಗೆ ನೂರಕ್ಕೆ ೫೨ರಂತೆ ಹೆಚ್ಚು ಸಂಬಳ ಕೊಡಲಾರಂಭಿಸಿ, ಶಾಲೆಗಳನ್ನೂ ವಿಸ್ತರಿಸಿತು. ಐದು ವರುಷಗಳಲ್ಲಿ ಅಂಥವರ ಸಂಖ್ಯೆ ಒಂದೂವರೆ ಪಾಲಾಯಿತು.

೨. ಮೊಜಾಂಬಿಕ್ ದೇಶದ ಉಪಾಯ

ಮೊಜಾಂಬಿಕ್ ದೇಶವು ೧೯೭೫ರಲ್ಲಿ ಪೋರ್ಚುಗೀಸರ ಆಳಿಕೆಯಿಂದ ಬಿಡುಗಡೆ ಹೊಂದಿತು. ಆಗ ಅಲ್ಲಿದ್ದ ವೈದ್ಯರಲ್ಲಿ ಹೆಚ್ಚಿನವರು ದೇಶವನ್ನು ಬಿಟ್ಟುಹೋದದರಿಂದ ನೂರು ಮಂದಿಯಾದರೂ ಉಳಿಯಲಿಲ್ಲ. ಅನಂತರ ದೇಶದೊಳಗೆ ಯುದ್ಧವೂ ಎದ್ದಿತು. ಪ್ರಸವವೇದನೆಯಲ್ಲಿ ಮಗು ಅಡ್ಡಲಾಗಿ ನಿಂತ ತಾಯಿಗೆ ಹಳ್ಳಿಯಲ್ಲಿ ಗತಿ ಯಾರು? ಪೂರ್ಣ ವೈದ್ಯನನ್ನು ಸಿದ್ಧಮಾಡುವದಕ್ಕೆ ಬಹಳ ವರುಷಗಳು ಬೇಕು. ಆ ತಾಯಿಯಾದರೋ ಒಂದು ದಿನವೂ ಕಾಯಲಾರಳು.

ಆದದರಿಂದ ೧೯೮೪ರಲ್ಲಿ ಆ ದೇಶದವರು ಹೊಸ ಕ್ರಮವನ್ನು ಆರಂಭಿಸಿದರು. ಆಸ್ಪತ್ರೆಗಳಲ್ಲಿ ಆಗಲೇ ಅನುಭವ ಹೊಂದಿದ ಸಹಾಯಕರನ್ನು ಆರಿಸಿ, ಮೂರು ವರುಷ ಶಸ್ತ್ರವೈದ್ಯವನ್ನು ಕಲಿಸಿ, ಜಿಲ್ಲಾ ಆಸ್ಪತ್ರೆಗಳಿಗೆ ಕಳುಹಿಸಿದರು. ಹೊಟ್ಟೆಯನ್ನು ಕೊಯ್ದು ಮಗುವನ್ನು ತೆಗೆಯುವ ಸಿಸೇರಿಯನ್ ಶಸ್ತ್ರಕ್ರಿಯೆಯನ್ನೂ ಇವರು ಮಾಡತೊಡಗಿದರು.

ಇಲ್ಲಿ ಒಬ್ಬನು ಆಕ್ಷೇಪಿಸಿ, "ಅರ್ಧ ಕಲಿತವನ ಕೈಗೆ ಕತ್ತಿ ಕೊಡುವದು ಬಡವರ ಪ್ರಾಣದೊಡನೆ ಆಡಿದ ಹಾಗಲ್ಲವೇ?" ಎಂದು ಕೇಳಬಹುದು. ಈ ಪ್ರಶ್ನೆ ಸರಿಯಾದದ್ದೇ. ಇದಕ್ಕೆ ಉತ್ತರವನ್ನು ಬರಿಯ ವಾದದಿಂದ ಕೊಡಲಾಗದು, ಎಣಿಸಿ ನೋಡಿಯೇ ಕೊಡಬೇಕು. ಇಂಥಲ್ಲಿಯೇ ಸಂಶೋಧನೆಯ ಪ್ರಯೋಜನವು ಕಾಣುವದು. ರಾಜಧಾನಿಯಾದ ಮಪುಟೋ ಪಟ್ಟಣದ ಆಸ್ಪತ್ರೆಯಲ್ಲಿ ನಡೆದ ೨,೦೭೧ ಸಿಸೇರಿಯನ್‌ಗಳನ್ನು ಪರೀಕ್ಷಿಸಿ, ಈ ಸಹಾಯಕರು ಮಾಡಿದವುಗಳನ್ನು ಹೆರಿಗೆಯ ವಿಶೇಷ ವೈದ್ಯರು ಮಾಡಿದವುಗಳೊಂದಿಗೆ ಹೋಲಿಸಿದರು. ಗಾಯದ ಮೇಲ್ಭಾಗವು ಬಿಚ್ಚಿಕೊಳ್ಳುವ ವಿಷಯದಲ್ಲಿ ಸ್ವಲ್ಪ ಭೇದವಿತ್ತೇ ಹೊರತು ಮಿಕ್ಕ ವಿಷಯಗಳಲ್ಲಿ ಹೇಳತಕ್ಕ ಭೇದವಿರಲಿಲ್ಲವೆಂದು ೧೯೯೬ರಲ್ಲಿ ಪ್ರಕಟವಾಯಿತು. ೨೦೦೭ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕದಿಂದ, ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆದ ಹೆರಿಗೆಯ ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ನೂರಕ್ಕೆ ೯೨ ಇವರ ಕೈಯಿಂದಲೇ ಆದವೆಂದು ತಿಳಿಯಿತು. ಜಿಲ್ಲೆಗಳಿಗೆ ನೇಮಿಸಲ್ಪಟ್ಟ ವೈದ್ಯರಲ್ಲಿ ಏಳು ವರುಷಗಳ ಮೇಲೆ ಒಬ್ಬನೂ ಅಲ್ಲಿ ಉಳಿದಿರಲಿಲ್ಲ. ಈ ಸಹಾಯಕರಲ್ಲಿಯಾದರೋ ನೂರಕ್ಕೆ ೮೮ ಮಂದಿ ತಮ್ಮ ಸ್ಥಳದಲ್ಲೇ ಇದ್ದರು.

ಇದರಿಂದ ವೈದ್ಯರೇ ಬೇಡವೆಂದು ತಿಳಿಯಬಾರದು. ಆ ಸಹಾಯಕರಿಗೆ ಕಲಿಸಿದವರು ವೈದ್ಯರೇ. ಕಠಿಣವಾದ ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ದಾರಿಯೂ, ಮೇಲ್ವಿಚಾರಣೆಯೂ, ಔಷಧವೂ ಇಲ್ಲದಿದ್ದರೆ ಯಾವ ಸಹಾಯಕನೂ ನಿಲ್ಲಲಾರನು.

೩. ಚಳಿಜ್ವರದ ಲಸಿಕೆ

ಚಳಿಜ್ವರ, ಅಂದರೆ ಮಲೇರಿಯವು, ೨೦೨೩ರಲ್ಲಿ ಲೋಕದಲ್ಲಿ ಸುಮಾರು ೫,೯೭,೦೦೦ ಮಂದಿಯನ್ನು ಕೊಂದಿತು. ಇವರಲ್ಲಿ ನೂರಕ್ಕೆ ೯೫ ಮಂದಿ ಆಫ್ರಿಕ ಪ್ರಾಂತದವರು. ಅಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರುಷಕ್ಕೆ ಕೆಳಗಿನ ಮಕ್ಕಳು.

ಈ ರೋಗಕ್ಕೆ ವಿರೋಧವಾದ ಲಸಿಕೆಯ ದೊಡ್ಡ ಪರೀಕ್ಷೆಯು ೨೦೦೯ರಿಂದ ೨೦೧೪ರ ವರೆಗೆ ಏಳು ದೇಶಗಳ ಹನ್ನೊಂದು ಸ್ಥಳಗಳಲ್ಲಿ, ಸುಮಾರು ೧೫,೦೦೦ ಮಕ್ಕಳಲ್ಲಿ ನಡೆಯಿತು. ಆ ಸ್ಥಳಗಳಲ್ಲಿ ಎರಡು ನಮ್ಮ ವಾಚಕರಿಗೆ ವಿಶೇಷವಾಗಿ ಗೊತ್ತಿರತಕ್ಕವು. ಒಂದು ಘಾನ ದೇಶದ ಅಗೋಗೊ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನು ಅದಕ್ಕೆ ಆರು ವರುಷ ಮುಂಚೆಯೇ ಆ ದೇಶದ ಕರಾವಳಿಯಲ್ಲಿ ಕೆಲಸವನ್ನು ಆರಂಭಿಸಿತ್ತು. ಅಗೋಗೊವಿನ ಆಸ್ಪತ್ರೆಯನ್ನು ೧೯೩೧ರಲ್ಲಿ ಸ್ಥಾಪಿಸಿತು. ಇನ್ನೊಂದು ಗಬಾನ್ ದೇಶದ ಲಂಬರೇನೆ. ಅಲ್ಲಿ ಆಲ್ಬರ್ಟ್ ಶ್ವೈಟ್ಜರ್ ಎಂಬ ವೈದ್ಯರು ೧೯೧೩ರಲ್ಲಿ ಆಸ್ಪತ್ರೆಯನ್ನು ಆರಂಭಿಸಿದರು. ಬಡರೋಗಿಗಳ ಗಾಯ ಕಟ್ಟುವದಕ್ಕಾಗಿ ಹುಟ್ಟಿದ ಮನೆಗಳು ಕಾಲಾಂತರದಲ್ಲಿ ಲೋಕಕ್ಕೆ ಬೇಕಾದ ಜ್ಞಾನವನ್ನು ಹುಡುಕುವ ಮನೆಗಳೂ ಆದವು. ವರುಷಗಟ್ಟಲೆ ಆರೈಕೆ ನಡೆದ ಸ್ಥಳದಲ್ಲಿ ಜನರಿಗೆ ನಂಬಿಕೆಯಿರುತ್ತದೆ. ನಂಬಿಕೆಯಿಲ್ಲದೆ ಯಾವ ತಾಯಿಯೂ ತನ್ನ ಕೂಸನ್ನು ಪರೀಕ್ಷೆಗೆ ಒಪ್ಪಿಸಲಾರಳು.

ಈ ಲಸಿಕೆಯು ರೋಗವನ್ನು ಪೂರ್ಣವಾಗಿ ತಡೆಯುವಂಥದ್ದಲ್ಲ. ನಾಲ್ಕು ಸಾರಿ ಚುಚ್ಚಿಸಿಕೊಂಡ ಐದರಿಂದ ಹದಿನೇಳು ತಿಂಗಳ ಮಕ್ಕಳಲ್ಲಿ ನಾಲ್ಕು ವರುಷಗಳ ವರೆಗೆ ಮಲೇರಿಯವು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಿಮೆಯಾಯಿತು. ನಾಲ್ಕು ಸಾರಿ ಎಂಬ ಮಾತನ್ನು ಲಕ್ಷ್ಯದಲ್ಲಿಡಿರಿ. ತಾಯಿಯು ನಾಲ್ಕು ಸಾರಿ ನಡೆದು ಬರಬೇಕು. ಬಂದಾಗ ದಾದಿಯು ಅಲ್ಲಿರಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮದ್ದು ಕೆಡದಿರಬೇಕು. ಬಾರದವಳನ್ನು ವಿಚಾರಿಸುವವರೂ ಬೇಕು. ಇದು ಸಾಧ್ಯವೋ ಎಂದು ನೋಡುವದಕ್ಕಾಗಿ ೨೦೧೯ರಿಂದ ಮಲಾವಿ, ಘಾನ, ಕೆನ್ಯ ದೇಶಗಳಲ್ಲಿ ಸಾಧಾರಣ ದಾದಿಯರ ಮೂಲಕವಾಗಿಯೇ ಲಸಿಕೆಯನ್ನು ಕೊಡಿಸಿದರು. ಲಸಿಕೆಯ ಪ್ರಾಯದ ಮಕ್ಕಳ ಮರಣಗಳು ನೂರಕ್ಕೆ ೧೩ರಷ್ಟು ತಗ್ಗಿದವು. ೨೦೨೧ರ ಅಕ್ಟೋಬರದಲ್ಲಿ ಲೋಕದ ಆರೋಗ್ಯ ಸಂಸ್ಥೆಯು ಇದಕ್ಕೆ ಒಪ್ಪಿಗೆಯನ್ನು ಕೊಟ್ಟಿತು. ೨೦೨೩ರಲ್ಲಿ ಒಪ್ಪಲ್ಪಟ್ಟ ಎರಡನೆಯ ಲಸಿಕೆಯು ನಮ್ಮ ಹಿಂದುಸ್ಥಾನದ ಪುಣೆಯಲ್ಲಿ ತಯಾರಾಗುತ್ತದೆ; ಅದರ ಆರಂಭದ ಪರೀಕ್ಷೆಯನ್ನು ಬುರ್ಕಿನಾ ಫಾಸೊ ದೇಶದ ನನೋರೊ ಎಂಬಲ್ಲಿ ಹಲಿದು ಟಿಂಟೊ ಎಂಬ ಅದೇ ದೇಶದ ಪಂಡಿತರು ನಡಿಸಿದರು.

೪. ಹುಡುಕಿದವರೂ ಪ್ರಾಣ ಕೊಟ್ಟವರೂ

೧೯೭೬ರಲ್ಲಿ ಕಾಂಗೋ ದೇಶದ ಯಾಂಬುಕು ಎಂಬಲ್ಲಿನ ಕಥೋಲಿಕ ಮಿಶನ್ ಆಸ್ಪತ್ರೆಯಲ್ಲಿ ಹೆಸರಿಲ್ಲದ ಒಂದು ಘೋರವಾದ ಜ್ವರವು ಎದ್ದಿತು. ಕೆಲವೇ ಸೂಜಿಗಳನ್ನು ಅನೇಕ ರೋಗಿಗಳಿಗೆ ಉಪಯೋಗಿಸಿದ್ದೂ ಅದು ಹಬ್ಬಲು ಕಾರಣವಾಯಿತು. ಆಗ ಅಲ್ಲಿಗೆ ಹೋದವರು ಜೀನ್ ಜಾಕ್ ಮುಯೆಂಬೆ ಎಂಬ ಕಾಂಗೋ ದೇಶದ ವೈದ್ಯರು. ಅವರು ಬೆಲ್ಜಿಯಮ್ ದೇಶದಲ್ಲಿ ಕಲಿತು ಸ್ವದೇಶಕ್ಕೆ ಹಿಂತಿರುಗಿದವರು. ಕೈಚೀಲಗಳೂ ಇಲ್ಲದೆ ಬರಿಗೈಯಿಂದ ರೋಗಿಗಳ ರಕ್ತವನ್ನು ತೆಗೆದರು. ರೋಗಿಯಾಗಿದ್ದ ಒಬ್ಬ ಕನ್ಯಾಸ್ತ್ರೀಯ ರಕ್ತವು ಯುರೋಪಿಗೆ ಹೋಯಿತು. ಎಬೋಲವೆಂಬ ವೈರಸ್ ಕಂಡುಬಂತು. ಹೊಗಳಿಕೆಯಾದರೋ ಬಹುಕಾಲ ಹೊರಗಿನವರ ಪಾಲಾಯಿತು.

ಮುಯೆಂಬೆಯವರು ಆ ಕೆಲಸವನ್ನು ಬಿಡಲಿಲ್ಲ. ೧೯೯೫ರಲ್ಲಿ ಕಿಕ್ವಿಟ್ ಪಟ್ಟಣದಲ್ಲಿ ಅದೇ ರೋಗವು ಬಂದಾಗ, ಗುಣಹೊಂದಿದವರ ರಕ್ತವನ್ನು ಎಂಟು ರೋಗಿಗಳಿಗೆ ಕೊಟ್ಟರು. ಏಳು ಮಂದಿ ಬದುಕಿದರು. ಪಂಡಿತರು ಸಂದೇಹಪಟ್ಟರು. ಆದರೆ ಆಗ ಗುಣಹೊಂದಿದ ಒಬ್ಬನ ರಕ್ತದಿಂದಲೇ ಮುಂದೆ ಒಂದು ಔಷಧವು ಹುಟ್ಟಿತು. ೨೦೧೮–೧೯ರಲ್ಲಿ, ಗುಂಡಿನ ಸದ್ದು ನಿಲ್ಲದ ಪೂರ್ವ ಕಾಂಗೋದಲ್ಲಿ ನಾಲ್ಕು ಔಷಧಗಳನ್ನು ಪರೀಕ್ಷಿಸಿದಾಗ, ಮೇಲಾದ ಎರಡರಲ್ಲಿ ಅದೂ ಒಂದಾಗಿತ್ತು. ರಕ್ತದಲ್ಲಿ ವೈರಸ್ ಇನ್ನೂ ಸ್ವಲ್ಪವಿದ್ದಾಗಲೇ ಬಂದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅದರಿಂದ ಬದುಕಿದರು.

ಆದರೆ ಸೇವಕರು ಕೊಂಚವಾಗಿರುವ ದೇಶದಲ್ಲಿ ಒಬ್ಬನ ಮರಣವು ಎಷ್ಟು ದೊಡ್ಡ ನಷ್ಟವೆಂಬದನ್ನೂ ಮರೆಯಬಾರದು. ೨೦೧೪ರಲ್ಲಿ ಎಬೋಲವು ಪಶ್ಚಿಮ ಆಫ್ರಿಕಕ್ಕೆ ಬಂದಾಗ ಲೈಬೀರಿಯ ದೇಶಕ್ಕೆಲ್ಲಾ ಸುಮಾರು ೫೦ ವೈದ್ಯರಿದ್ದರು. ಸಿಯೆರ್ರಾ ಲಿಯೋನ್ ದೇಶದ ಕೆನೆಮದಲ್ಲಿ ಶೇಖ್ ಉಮರ್ ಖಾನ್ ಎಂಬ ವೈದ್ಯರು ಹಗಲಲ್ಲಿ ರೋಗಿಗಳನ್ನು ನೋಡುವವರೂ ರೋಗದ ಸಂಶೋಧಕರೂ ಆಗಿದ್ದರು. ಅವರು ಜುಲೈ ೨೯ರಂದು ಅದೇ ರೋಗದಿಂದ ತೀರಿಹೋದರು. ಆ ವೈರಸ್ಸಿನ ಸ್ವಭಾವವನ್ನು ವಿವರಿಸಿದ ಒಂದು ಪ್ರಸಿದ್ಧ ಲೇಖನವು ಮುಂದಿನ ತಿಂಗಳು ಅಚ್ಚಾಗುವಷ್ಟರಲ್ಲಿ, ಅದನ್ನು ಬರೆದವರೊಳಗೆ ಖಾನರನ್ನು ಕೂಡಿಸಿ ಐದು ಮಂದಿ ಎಬೋಲದಿಂದ ಸತ್ತಿದ್ದರು. ಆರೈಕೆಯೂ ಸಂಶೋಧನೆಯೂ ಒಂದೇ ಕೈಗಳ ಕೆಲಸವಾಗಿದ್ದವು. ಆ ಕೈಗಳು ಬಿದ್ದಾಗ ಎರಡೂ ಬಿದ್ದವು.

೫. ನಾವು ಕಲಿಯತಕ್ಕದ್ದು

ಮೊದಲನೆಯದಾಗಿ, ಕೈಗಳಿಲ್ಲದ ಮದ್ದು ಪೆಟ್ಟಿಗೆಯಲ್ಲೇ ಉಳಿಯುವದು. ಎರಡನೆಯದಾಗಿ, ಎಣಿಸಿ ನೋಡದೆ ಯಾವ ಉಪಾಯವನ್ನೂ ಹೊಗಳಬಾರದು, ತೆಗಳಲೂಬಾರದು. ಮೂರನೆಯದಾಗಿ, ಹತ್ತಿರ ಉಳಿಯುವವನ ಅಲ್ಪ ವಿದ್ಯೆಯು ದೂರ ಹೋಗುವವನ ಬಹು ವಿದ್ಯೆಗಿಂತ ಹಳ್ಳಿಯ ತಾಯಿಗೆ ಅನೇಕಾವರ್ತಿ ಹೆಚ್ಚು ಉಪಯುಕ್ತವಾಗುವದು. ಆದರೆ ಹಾಗೆ ಉಳಿಯುವವನಿಗೆ ತಕ್ಕ ಸಂಬಳವೂ ಮರ್ಯಾದೆಯೂ ಸಲ್ಲಬೇಕು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: (೧) ದಾದಿಯರು ಸಾಲದ ದೇಶದಲ್ಲಿಯೇ ಕಲಿತ ದಾದಿಯರು ಕೆಲಸವಿಲ್ಲದೆ ಇರುವದು ಹೇಗೆ? (೨) ಮೊಜಾಂಬಿಕಿನ ಸಹಾಯಕರ ಮೇಲಿನ ಆಕ್ಷೇಪಕ್ಕೆ ಯಾವ ಉತ್ತರವು ದೊರಕಿತು? (೩) ಲಸಿಕೆಯ ಪರೀಕ್ಷೆಗೆ ಹಳೆಯ ಆಸ್ಪತ್ರೆಗಳು ಯಾಕೆ ತಕ್ಕ ಸ್ಥಳಗಳಾದವು? (೪) ನಮ್ಮ ಊರಿಗೆ ಲಸಿಕೆ ಹಾಕಲು ಬರುವವಳನ್ನು ನಾವು ಹೇಗೆ ಕಾಣುತ್ತೇವೆ?